ಅತ್ತಿಗೆಯ ಗಿಂಬಲ್ ಮತ್ತು ನಿಂತ ಇಟ್ಟಿಗೆ

ನಮ್ಮ ಅತ್ತಿಗೆ ಮುಚ್ಚಿದ ಡಬ್ಬಿಯನ್ನು ಅತ್ತಿಗೆಯೇ ತೆರೆಯಬೇಕು. ಅವರು ನಿಲ್ಲಿಸಿದ ನಲ್ಲಿಯನ್ನು ತಿರುಗಿಸಲು ಹೋಗಿ ನಮ್ಮಣ್ಣ ಒಮ್ಮೆ ಮಣಿಕಟ್ಟು ಉಳುಕಿಸಿಕೊಂಡು ಎಷ್ಟೋ ದಿನ ಎಡಗೈಯಲ್ಲಿ ಹಲ್ಲುಜ್ಜಿದ. ಅವರು ಗಂಟು ಹಾಕಿದ ಚೀಲವನ್ನು ನಾವು ಬಿಚ್ಚುವ ಗೋಜಿಗೆ ಹೋಗುವುದಿಲ್ಲ, ನೇರವಾಗಿ ಕತ್ತರಿ ತರುತ್ತೇವೆ. ಬೀದಿಯವರು ಅವರಿಗೆ ಬಿಗಿಯಮ್ಮ ಎಂಬ ಬಿರುದು ಸುಮ್ಮನೆ ಕೊಟ್ಟದ್ದಲ್ಲ. ಅದು ರಣರಂಗದಲ್ಲಿ ಗೆದ್ದು ತಂದದ್ದು.

ಕಸುಬು ಕನ್ನಡಕ ರಿಪೇರಿ. ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಎರಡು ಗೋಡೆಗಳು ಹೊಟ್ಟೆ ಒಳಗೆಳೆದುಕೊಂಡು ಬಿಟ್ಟುಕೊಟ್ಟಂಥ ಜಾಗದಲ್ಲಿ ಅವರ ಅಂಗಡಿ. ಒಬ್ಬ ಗಿರಾಕಿ ಒಳಗೆ ಬಂದರೆ ಅಂಗಡಿ ತುಂಬಿತು, ಇಬ್ಬರು ಬಂದರೆ ನೆಂಟಸ್ತನ ಬೆಳೆಯಿತು. ಮದುವೆಗೆ ಮುಂಚೆ ಅಲ್ಲಿ ಗಾಜು ಒರೆಸಲು ಸೇರಿದವರು, ಅಂಗಡಿಯ ಯಜಮಾನರ ಕೈ ನಡುಗತೊಡಗಿದಾಗ ಅವರ ಬದಲು ಸ್ಕ್ರೂ ಕೂರಿಸಿದರು, ಯಜಮಾನರು ಮನೆ ಹಿಡಿದ ಮೇಲೆ ಅವರ ಕುರ್ಚಿಯಲ್ಲೂ ಕೂತರು. ಸಾಸಿವೆಗಿಂತ ಸಣ್ಣ ಸ್ಕ್ರೂ ಕೈಜಾರಿ ಬಿದ್ದರೆ ಅತ್ತಿಗೆ ಒಂದು ಬೆರಳು ಎತ್ತುತ್ತಾರೆ. ಆಗ ಗಿರಾಕಿ ಉಸಿರಾಡಬಾರದು, ಸೀನುವುದಂತೂ ರಾಜದ್ರೋಹ. ಅವರು ಕೂರಿಸಿದ ಸ್ಕ್ರೂ ಕಳಚಿ ಬಂದ ಉದಾಹರಣೆ ಇಲ್ಲ. ಕನ್ನಡಕ ಮುರಿಯಬಹುದು, ಹಾಕಿಕೊಂಡವರು ಮುರಿಯಬಹುದು, ಸ್ಕ್ರೂ ಅಲ್ಲೇ ಇರುತ್ತದೆ. ‘ಸಡಿಲ ಅಂದ್ರೆ ಸೋಲು’ ಎಂಬುದು ಅವರ ಒಂದು ಸಾಲಿನ ಧರ್ಮಶಾಸ್ತ್ರ.

ಮನೆಯ ಇನ್ನೊಬ್ಬ ವೀರರು ನಮ್ಮಪ್ಪ. ಗಾರೆ ಕೆಲಸದವರು, ಈಗ ವಿಶ್ರಾಂತಿಯಲ್ಲಿರುವವರು. ಬೀದಿಯ ಕೊನೆಗೆ, ಮುಚ್ಚಿಹೋದ ಗಾಜಿನ ಕಾರ್ಖಾನೆಯ ಚಿಮಣಿ ನಿಂತಿತ್ತಲ್ಲ, ಅದರ ತುದಿಯ ಸುತ್ತು ಕಟ್ಟಿದ್ದು ಅವರು ಮತ್ತು ಅವರ ಜೊತೆಗಾರ. ಜೊತೆಗಾರನನ್ನು ನಾವು ಮಕ್ಕಳು ಕರಣೆ ಚಿಕ್ಕಪ್ಪ ಎನ್ನುತ್ತಿದ್ದೆವು, ಏಕೆಂದರೆ ಗಾರೆ ಮೆತ್ತುವ ಆ ಕರಣೆಯನ್ನು ಅವರು ಊಟಕ್ಕೆ ಕೂತಾಗಲೂ ಸೊಂಟದಿಂದ ಕೆಳಗಿಡುತ್ತಿರಲಿಲ್ಲ. ಅಪ್ಪ ಹೇಳುವ ಪ್ರಕಾರ, ಕೊನೆಯ ಸುತ್ತಿನಲ್ಲಿ ಮೇಸ್ತ್ರಿ ಕೆಳಗಿದ್ದಾಗ ತಾವೊಂದು ಕಿತಾಪತಿ ಮಾಡಿದರು. ಎಲ್ಲ ಇಟ್ಟಿಗೆಗಳನ್ನು ಅಡ್ಡ ಮಲಗಿಸಿ, ಒಳಗಡೆಯ ಅಂಚಿನಲ್ಲಿ ಒಂದನ್ನು ಮಾತ್ರ ನೆಟ್ಟಗೆ ನಿಲ್ಲಿಸಿದರು.

‘ಯಾಕಪ್ಪ?’ ಎಂದರೆ, ‘ಎಲ್ಲರೂ ಮಲಗಿಬಿಟ್ರೆ ಹೇಗೆ, ಒಬ್ಬನಾದರೂ ಎದ್ದಿರಲಿ ಅಂತ’ ಎನ್ನುತ್ತಿದ್ದರು.

ಕೆಳಗಿನಿಂದ ಅದು ಯಾರಿಗೂ ಕಾಣದು. ಇದ್ದ ಒಬ್ಬನೇ ಸಾಕ್ಷಿಯನ್ನು ಕೇಳಿದರೆ, ಕರಣೆ ಚಿಕ್ಕಪ್ಪ ಮೀಸೆ ಒರೆಸಿಕೊಂಡು, ‘ನಾನೂ ಅಲ್ಲೇ ಇದ್ದೆನಪ್ಪ. ನಿಂತಿದ್ದು ಇವನು, ಇಟ್ಟಿಗೆ ಅಲ್ಲ’ ಎಂದುಬಿಡುತ್ತಿದ್ದರು. ಅಲ್ಲಿಗೆ ಕೇಸು ವಜಾ. ಅಂದಿನಿಂದ ನಮ್ಮ ಮನೆಯಲ್ಲಿ ‘ನಿಂತ ಇಟ್ಟಿಗೆ’ ಎಂದರೆ ಬುರುಡೆ ಎಂದೇ ಅರ್ಥ. ಅಣ್ಣ ತಡವಾಗಿ ಬಂದು ಬಸ್ಸು ಕೆಟ್ಟಿತ್ತು ಎಂದರೆ, ಅತ್ತಿಗೆ ತಟ್ಟೆ ಇಡುತ್ತಾ ‘ಇಟ್ಟಿಗೆ ನಿಂತಿತ್ತಾ?’ ಎಂದು ಕೇಳುತ್ತಿದ್ದರು. ಅಪ್ಪನೂ ನಗುತ್ತಿದ್ದರು. ಕರಣೆ ಚಿಕ್ಕಪ್ಪ ತೀರಿಕೊಂಡ ಮೇಲೆ ಮಾತ್ರ ಅವರ ನಗು ನಿಂತಿತು. ಸಾಕ್ಷಿ ಹೋದರೂ ಇಟ್ಟಿಗೆ ನಿಂತಿಲ್ಲ ಎಂಬ ಸಾಕ್ಷ್ಯ ಉಳಿದಿತ್ತು, ಜಗಳವಾಡಿ ಅದನ್ನು ಅಲ್ಲಗಳೆಯೋಣವೆಂದರೆ ಅಪ್ಪನ ಎದುರಿಗೆ ಆ ಸಾಕ್ಷಿಯೇ ಇರಲಿಲ್ಲ.

ಹೀಗಿರುವಾಗ ಚಿಮಣಿಯನ್ನು ಕೆಡವುತ್ತಾರೆ ಎಂಬ ಸುದ್ದಿ ಬಂತು. ತಂದವನು ಕೆಡವುವ ಗುತ್ತಿಗೆದಾರನೇ. ಅತ್ತಿಗೆಯ ಗಿರಾಕಿ, ಕನ್ನಡಕದ ಕಾಲು ಕೂರಿಸಿಕೊಳ್ಳಲು ಬಂದವನು, ಮಾತಿನ ನಡುವೆ ‘ಬರೋ ವಾರ ಭಾನುವಾರ ಉರುಳಿಸ್ತೀವಮ್ಮ’ ಎಂದ. ಅತ್ತಿಗೆ ಮನೆಗೆ ಬಂದು ಹೇಳಿದಾಗ ಅಪ್ಪ ತಮ್ಮ ಕುರ್ಚಿಯನ್ನು ಎತ್ತಿ ಕಿಟಕಿಯ ಕಡೆ ತಿರುಗಿಸಿ, ಚಿಮಣಿಗೆ ಮುಖ ಮಾಡಿ ಕೂತರು.

ಸ್ವಲ್ಪ ಹೊತ್ತಿನ ಮೇಲೆ, ‘ನಾನು ಸುಳ್ಳು ಹೇಳಿಲ್ಲ ಕಣಮ್ಮ’ ಎಂದರು.

ಸೊಸೆಯಾಗಿ ಬಂದಾಗಿನಿಂದ ಆ ಇಟ್ಟಿಗೆಯ ಬಗ್ಗೆ ಅತಿ ಹೆಚ್ಚು ಗೇಲಿ ಮಾಡಿದವರೇ ಅತ್ತಿಗೆ. ಈಗ ಅವರೇ, ‘ಕೆಡವೋದರೊಳಗೆ ತೋರಿಸ್ತೀನಿ ಇರಿ ಮಾವ’ ಎಂದರು.

ಅಣ್ಣ ಪೇಪರಿನ ಹಿಂದಿನಿಂದ ತಲೆ ಎತ್ತಿದ. ‘ಅಲ್ಲಿ ಇಟ್ಟಿಗೆ ನಿಂತಿದ್ರೆ ನಾನು ತಲೆ ಕೆಳಗಾಗಿ ನಿಲ್ತೀನಿ.’

‘ನೆನಪಿಟ್ಕೊಳ್ಳಿ’ ಎಂದರು ಅತ್ತಿಗೆ.

ತೋರಿಸುವ ಅಸ್ತ್ರ ಅವರ ಬಳಿ ಇತ್ತು, ಒಂದು ಡ್ರೋನ್. ಫೋಟೋ ಸ್ಟುಡಿಯೋದವನು ಗೋಡೆಗೆ ಗುದ್ದಿಸಿ, ನಾಲ್ಕು ತೋಳುಗಳಲ್ಲಿ ಮೂರನ್ನು ಮುರಿದು, ಇದು ಉದ್ಧಾರವಾಗುವ ಜೀವವಲ್ಲ ಎಂದು ಬಿಟ್ಟಿದ್ದನ್ನು ಅತ್ತಿಗೆ ಎತ್ತಿಕೊಂಡು ಬಂದಿದ್ದರು. ಮುರಿದ ತೋಳುಗಳನ್ನು ಕನ್ನಡಕದ ಫ್ರೇಮಿನಂತೆ ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಒಳಗೆ ತಂತಿ ಕೂರಿಸಿ, ಮತ್ತೆ ಬೆಸೆದಿದ್ದರು. ಅವರಿಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಹಾಗೆ. ದಿನವೆಲ್ಲ ಅಂಗೈಯಗಲದ ಜಗತ್ತಿನಲ್ಲಿ ಬಗ್ಗಿ ಕೂರುವವರಿಗೆ, ಸಂಜೆ ತಾರಸಿಯಲ್ಲಿ ಕುತ್ತಿಗೆ ಎತ್ತಿ ಆಕಾಶ ನೋಡಲು ಅದೊಂದು ನೆಪ. ಆದರೆ ಅದಕ್ಕೆ ಕಟ್ಟಿದ ಕ್ಯಾಮೆರಾ ಕೊಡುತ್ತಿದ್ದ ಚಿತ್ರ ಕುಡುಕನ ಕನಸಿನಂತಿತ್ತು. ಅದಕ್ಕಾಗಿ ಅವರು ಸಿಕ್ಕಿದ್ದರಲ್ಲಿ ಅತ್ಯಂತ ಅಗ್ಗದ ಗಿಂಬಲ್ ಒಂದನ್ನು ತರಿಸಿದರು.

ಗಿಂಬಲ್ ಎಂದರೇನು ಎಂದು ಅಣ್ಣ ಕೇಳಿದ.

‘ಬಸ್ಸಲ್ಲಿ ಟೀ ಲೋಟ ಹಿಡ್ಕೊಂಡು ನಿಂತವರ ಕೈ ನೋಡಿದೀರಲ್ಲ, ಬಸ್ಸು ಆ ಕಡೆ ವಾಲಿದ್ರೆ ಕೈ ಈ ಕಡೆ ವಾಲುತ್ತೆ. ಆ ಕೈಯೇ ಗಿಂಬಲ್. ಲೋಟ ಕ್ಯಾಮೆರಾ.’

‘ಟೀ ಚೆಲ್ಲಿದ್ರೆ?’

‘ಚೆಲ್ಲಿದ್ರೆ ನಿಮ್ಮ ಕೈ.’

ಪೆಟ್ಟಿಗೆ ಬಿಚ್ಚಿದ ದಿನವೇ ಅತ್ತಿಗೆ ಅದರಲ್ಲೊಂದು ದೊಡ್ಡ ದೋಷ ಕಂಡುಹಿಡಿದರು. ಮೇಲೊಂದು ತಟ್ಟೆ, ಕೆಳಗೊಂದು ತಟ್ಟೆ, ನಡುವೆ ನಾಲ್ಕು ಮೂಲೆಗೆ ನಾಲ್ಕು ಟೊಳ್ಳು ರಬ್ಬರ್ ಗುಂಡುಗಳು. ಮೇಲಿನ ತಟ್ಟೆ ಡ್ರೋನಿಗೆ, ಕೆಳಗಿನದಕ್ಕೆ ಮೋಟಾರು, ಕ್ಯಾಮೆರಾ. ಬೆರಳಿಂದ ಮುಟ್ಟಿದರೆ ಕೆಳಗಿನ ತಟ್ಟೆ ಮುದಿ ಹಲ್ಲಿನಂತೆ ಅಲ್ಲಾಡುತ್ತಿತ್ತು.

‘ನೋಡಿ, ಹೊಸದರಲ್ಲೇ ಸಡಿಲ. ಅಗ್ಗದ ಮಾಲು ಅಂದ್ರೆ ಇದೇ’ ಎಂದು, ಅರ್ಧ ಫ್ರೇಮಿನ ಕನ್ನಡಕಕ್ಕೆ ಗಾಜು ಕಟ್ಟುವ ನೈಲಾನ್ ಎಳೆ ತಂದು, ಎರಡೂ ತಟ್ಟೆಗಳನ್ನು ಬಿಗಿದು, ರಬ್ಬರ್ ಗುಂಡುಗಳು ಅಪ್ಪಚ್ಚಿಯಾಗುವಂತೆ ಗಂಟು ಹಾಕಿದರು. ಬಿಗಿಯಮ್ಮನ ಗಂಟು. ಗಿಂಬಲ್ ಮಾಡಿದವರ ತಪ್ಪನ್ನು ತಿದ್ದಿದ ತೃಪ್ತಿ ಅವರ ಮುಖದಲ್ಲಿತ್ತು.

ಮೊದಲ ಹಾರಾಟ ಸೋಮವಾರ ನಡೆಯಿತು. ಗುತ್ತಿಗೆದಾರನ ಒಪ್ಪಿಗೆ ಪಡೆದು ಕಾರ್ಖಾನೆಯ ಅಂಗಳದಿಂದ ಡ್ರೋನ್ ಏರಿಸಿ, ಚಿಮಣಿಯ ಬಾಯಿಯ ಮೇಲೆ ನಿಲ್ಲಿಸಿ, ಕ್ಯಾಮೆರಾ ಬಗ್ಗಿಸಿ ಚಿತ್ರ ತಂದರು. ಟಿವಿಗೆ ಹಾಕಿದೆವು. ಇಡೀ ಚಿಮಣಿ ತಟ್ಟೆಗೆ ಸುರಿದ ಜೆಲ್ಲಿಯಂತೆ ತುಳುಕುತ್ತಿತ್ತು. ಆ ವಿಡಿಯೋದಲ್ಲಿ ಇಟ್ಟಿಗೆಗಳು ನಿಂತಿದ್ದವು, ಮಲಗಿದ್ದವು, ಒಂದರ ಹೆಗಲ ಮೇಲೊಂದು ಕೈಹಾಕಿಕೊಂಡು ಕುಣಿಯುತ್ತಿದ್ದವು. ನಿಲ್ಲಿಸಿ ನೋಡೋಣವೆಂದರೆ ನಿಂತ ಚಿತ್ರವೂ ಕಲಸಿದ ಹಿಟ್ಟು. ಅಪ್ಪ ಕಣ್ಣು ಮುಚ್ಚಿಕೊಂಡು ‘ತಲೆ ತಿರುಗ್ತಿದೆ ತಾಯಿ, ಸಾಕು’ ಎಂದರು.

‘ಪರವಾಗಿಲ್ಲಪ್ಪ, ನಿಮ್ಮ ಇಟ್ಟಿಗೆ ನಿಂತಿದೆ. ಮಿಕ್ಕವೂ ನಿಂತಿವೆ’ ಎಂದ ಅಣ್ಣ.

ಅತ್ತಿಗೆ ಟಿವಿ ಆರಿಸಿದರು. ಅವರು ಪಟ್ಟು ಹಿಡಿದರೆ ಉಡವೇ ಬಂದು ಪಾಠ ಹೇಳಿಸಿಕೊಳ್ಳಬೇಕು. ಅಂಗಡಿಯ ಕೆಲಸ ಮುಗಿಸಿ ಬಂದವರೇ ಊಟದ ಮೇಜನ್ನು ಯುದ್ಧಭೂಮಿ ಮಾಡಿಕೊಂಡರು. ಗಿಂಬಲ್ಲಿನ ಜೊತೆ ಬಂದಿದ್ದ ಕೈಪಿಡಿ ಯಾವುದೋ ಭಾಷೆಯಿಂದ ಇನ್ನಾವುದೋ ಭಾಷೆಗೆ ನಡೆದು ಬರುವಾಗ ದಾರಿಯಲ್ಲಿ ಚಪ್ಪಲಿ ಕಳೆದುಕೊಂಡಿತ್ತು. ಅದರಲ್ಲಿ ‘ಮೋಟಾರು ಕೋಪಿಸಿದಲ್ಲಿ ಸಮಾಧಾನ ಮಾಡುವುದು’ ಎಂಬಂಥ ಉಪದೇಶವಿತ್ತೇ ಹೊರತು, ಸಮಾಧಾನ ಮಾಡುವುದು ಹೇಗೆಂದು ಇರಲಿಲ್ಲ. ಹಾಗಾಗಿ ಅತ್ತಿಗೆ ತಮ್ಮ ಬುದ್ಧಿಯನ್ನೇ ನಂಬಿದರು.

ಮೊದಲು ತೂಕ. ಕರೆಂಟು ಕೊಡದೆ ಕ್ಯಾಮೆರಾವನ್ನು ಕೈಯಿಂದ ಯಾವ ಕಡೆ ತಿರುಗಿಸಿ ಬಿಟ್ಟರೂ ಅದು ಅಲ್ಲೇ ಇರಬೇಕು. ಇದು ಬೈಸಿಕೊಂಡ ಮಗುವಿನಂತೆ ಪ್ರತಿ ಸಲ ತಲೆ ತಗ್ಗಿಸುತ್ತಿತ್ತು. ಅಂದರೆ ಮೋಟಾರು ಕೆಲಸ ಶುರುಮಾಡುವ ಮೊದಲೇ ಅದಕ್ಕೆ ಹೊರೆ. ಹಳೆಯ ಗಾಜಿನ ಚೂರೊಂದನ್ನು ಉಜ್ಜಿ ಹಿಂಬದಿಗೆ ಅಂಟಿಸಿ, ಕ್ಯಾಮೆರಾ ಬಿಟ್ಟಲ್ಲೇ ನಿಲ್ಲುವವರೆಗೆ ಅದನ್ನು ಚೂರು ಚೂರೇ ಸವೆಸಿದರು. ಆಮೇಲೆ ವೈರು. ಕ್ಯಾಮೆರಾದಿಂದ ಬರುವ ದಪ್ಪ ವೈರು ಎಮ್ಮೆಯ ಹಗ್ಗದಂತೆ ಅದನ್ನು ಒಂದು ಕಡೆಗೇ ಜಗ್ಗುತ್ತಿತ್ತು. ಅದನ್ನು ತೆಗೆದು ಎಳೆಯಂಥ ವೈರು ಹಾಕಿ ಸ್ವಲ್ಪ ಇಳಿಬಿಟ್ಟರು. ಇಳಿಬಿಡುವಾಗ ಅವರ ಮುಖ ನೋಡಬೇಕಿತ್ತು, ಬೇರೆಯವರ ತಪ್ಪಿಗೆ ಕ್ಷಮೆ ಕೇಳುವವರಂತಿತ್ತು.

ಮುಂದೆ ಮಟ್ಟ. ಗಿಂಬಲ್ಲಿಗೆ ನೆಟ್ಟಗೆ ಎಂದರೆ ಯಾವುದು ಎಂದು ಒಮ್ಮೆ ಕಲಿಸಿಕೊಡಬೇಕು, ಮಟ್ಟಸವಾದ ಜಾಗದಲ್ಲಿ ಅಲುಗಾಡದಂತೆ ಇಟ್ಟು. ಅತ್ತಿಗೆ ಮೇಜಿನ ಮೇಲಿಟ್ಟು ಕಲಿಸಿದರು, ಚಿತ್ರ ಎಡಕ್ಕೆ ವಾಲಿತು. ನೆಲದ ಮೇಲಿಟ್ಟು ಕಲಿಸಿದರು, ಆಗಲೂ ವಾಲಿತು.

‘ಇದರದ್ದೇನೂ ತಪ್ಪಿಲ್ಲ, ನಮ್ಮ ನೆಲವೇ ಸರಿಯಿಲ್ಲ’ ಎಂದರು.

ಅಣ್ಣ ಕಾದಿದ್ದವನಂತೆ, ‘ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ’ ಎಂದ.

ಅಪ್ಪ ಕುರ್ಚಿಯಿಂದ ಎದ್ದರು. ಒಳಗೆ ಹೋಗಿ ತಮ್ಮ ಹಳೆಯ ರಸಮಟ್ಟ ತಂದರು. ಗಾಜಿನ ಕೊಳವೆಯ ನೀರಗುಳ್ಳೆ ನಡುವೆ ನಿಂತರೆ ಮಟ್ಟ ಸರಿ ಎಂದು ಹೇಳುವ ಸಾಧನ ಅದು. ನೆಲದ ಮೇಲಿಟ್ಟರು. ಗುಳ್ಳೆ ಒಂದು ಮೂಲೆಗೆ ಓಡಿಹೋಗಿ ಮುದುರಿಕೊಂಡಿತು.

‘ಈ ನೆಲಕ್ಕೆ ಟೈಲ್ಸ್ ಹಾಕಿಸಿದ್ದು ಯಾರು?’ ಎಂದರು ಅಪ್ಪ.

ಅಪ್ಪ ಊರಲ್ಲಿಲ್ಲದಾಗ, ಬೇಗ ಮುಗಿಸಿಕೊಡ್ತೀನಿ ಎಂದವನನ್ನು ಕರೆಸಿ ಹಾಕಿಸಿದ್ದು ಅಣ್ಣ. ಅವನು ಪೇಪರನ್ನು ಮತ್ತೆ ಮುಖಕ್ಕೆ ಹಿಡಿದ. ಪೇಪರು ತಲೆಕೆಳಗಾಗಿತ್ತು, ಮುಂದೆ ಅವನಿಗೊದಗಲಿದ್ದ ಸ್ಥಿತಿಯ ಮುನ್ಸೂಚನೆಯಂತೆ. ಅಪ್ಪ ಮೇಜಿನ ಕಾಲಡಿ ರಟ್ಟಿನ ಚೂರಿಟ್ಟು, ಗುಳ್ಳೆಯನ್ನು ನಡುವಿಗೆ ತಂದು, ‘ಈಗ ಕಲಿಸು ತಾಯಿ’ ಎಂದರು. ಚಿತ್ರ ವಾಲುವುದು ನಿಂತಿತು.

ಕೊನೆಗೆ ಉಳಿದದ್ದು ಮೂರು ಅಕ್ಷರ. ಹಳೆಯ ಲ್ಯಾಪ್‌ಟಾಪಿಗೆ ಗಿಂಬಲ್ ಜೋಡಿಸಿದರೆ ಪಿ, ಐ, ಡಿ ಎಂದು ಮೂರು ಅಂಕಿಗಳು ಬರುತ್ತವೆ. ಮೋಟಾರಿನ ಸ್ವಭಾವವನ್ನೆಲ್ಲ ಅವೇ ಆಳುವುದು. ಅತ್ತಿಗೆ ಅವನ್ನು ಏರಿಸಿ ಇಳಿಸಿ, ಕ್ಯಾಮೆರಾವನ್ನು ಬೆರಳಿಂದ ತಟ್ಟಿ ತಟ್ಟಿ ನೋಡಿ, ಎರಡು ಸಂಜೆಗಳಲ್ಲಿ ಅವುಗಳ ಜಾತಕ ಹಿಡಿದುಬಿಟ್ಟರು.

‘ಪಿ ಅಂದ್ರೆ ನಿಮ್ಮಣ್ಣ’ ಎಂದು ನನಗೆ ವಿವರಿಸಿದರು. ‘ತಪ್ಪು ಕಂಡ ತಕ್ಷಣ ಎಗರಿ ಬೀಳೋದು. ಕಮ್ಮಿ ಇದ್ರೆ ಸೋಮಾರಿ, ಜಾಸ್ತಿ ಆದ್ರೆ ಮೈಯೆಲ್ಲ ನಡುಕ. ಐ ಅಂದ್ರೆ ನಾನು. ಹಳೇ ತಪ್ಪೆಲ್ಲ ಒಂದೊಂದೇ ಕೂಡಿಟ್ಟು, ಸರಿಹೋಗೋವರೆಗೂ ಬಿಡೋದಿಲ್ಲ. ಡಿ ಅಂದ್ರೆ ಮಾವ. ಎಗರೋರ ಭುಜ ಹಿಡಿದು, ಸ್ವಲ್ಪ ತಡಿಯಪ್ಪ ಅನ್ನೋದು.’

‘ಮೂರೂ ಒಟ್ಟಿಗೆ ಇದ್ರೆ?’

‘ಸಂಸಾರ’ ಎಂದರು.

ಆದರೆ ಈ ಸಂಸಾರ ಹೊಂದಿಕೊಳ್ಳಲಿಲ್ಲ. ಮೇಜಿನ ಮೇಲೆ ಮುತ್ತಿನಂಥ ಗಿಂಬಲ್, ರೆಕ್ಕೆ ತಿರುಗಿದ ಕೂಡಲೇ ಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಪಿ ಇಳಿಸಿದರೆ ನಡುಕ ಕಡಿಮೆಯಾಗಿ ಕ್ಯಾಮೆರಾ ತೂಕಡಿಸುತ್ತಿತ್ತು, ಏರಿಸಿದರೆ ಮೋಟಾರು ಬಿಸಿಯಾಗಿ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಅತ್ತಿಗೆ ಡ್ರೋನಿನ ರೆಕ್ಕೆಗಳನ್ನು ತೂಗಿ ಸಮ ಮಾಡಿದರು. ಒಂದೊಂದು ಸ್ಕ್ರೂವನ್ನೂ ಇನ್ನಷ್ಟು ಬಿಗಿದರು. ಕೊನೆಗೆ ನೈಲಾನ್ ಎಳೆಯ ಮೇಲೆ ಇನ್ನೊಂದು ಸುತ್ತು ಸುತ್ತಿ ಮತ್ತೊಂದು ಗಂಟು ಹಾಕಿದರು. ನಡುಕ ಹೆಚ್ಚಿತು.

ಶುಕ್ರವಾರ ಸಂಜೆ ಅಪ್ಪ ಅವರ ಪಕ್ಕ ಬಂದು ನಿಂತರು. ‘ಬಿಡಮ್ಮ. ನಾನು ಇಟ್ಟಿದ್ದು ನನಗೆ ಗೊತ್ತಲ್ಲ, ಅಷ್ಟು ಸಾಕು.’

ಅಷ್ಟು ಸಾಕಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಅತ್ತಿಗೆ ಮುಖ ಗಂಟಿಕ್ಕಿಕೊಂಡು ಅಂಗಡಿ ತೆರೆದರು. ಮೊದಲ ಗಿರಾಕಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಮುಂದಿನದನ್ನೆಲ್ಲ ಆಮೇಲೆ ಊರಿಗೆ ಅಭಿನಯಸಹಿತ ಹೇಳಿದ್ದು ಅವರೇ.

ಮೇಷ್ಟ್ರು ಕನ್ನಡಕ ತೆಗೆದು, ಮೂಗಿನ ಮೇಲೆ ಕೂರುವ ಎರಡು ಪುಟ್ಟ ಮೆತ್ತೆಗಳನ್ನು ತೋರಿಸಿ, ‘ಇವು ಅಲ್ಲಾಡ್ತಿವೆ ನೋಡಮ್ಮ. ಬಿಗಿಯಮ್ಮನ ಅಂಗಡಿ ಕನ್ನಡಕ ಸಡಿಲ ಅಂದ್ರೆ ಜನ ಏನಂತಾರೆ? ಬಿಗಿ ಮಾಡಿಕೊಡಿ’ ಎಂದರು.

ಅತ್ತಿಗೆ ತಲೆ ಎತ್ತಲಿಲ್ಲ. ಇದೇ ದೂರಿಗೆ ಇದೇ ಉತ್ತರವನ್ನು ಅವರು ಎಷ್ಟು ಮೂಗುಗಳಿಗೆ ಕೊಟ್ಟಿದ್ದರೋ.

‘ಸಾರ್, ಅವು ಅಲ್ಲಾಡೋಕೇ ಇರೋದು. ಮೂಗು ಹೇಗಿದ್ರೆ ಹಾಗೆ ಅವು ಬಾಗ್ತವೆ, ಗಾಜು ಮಾತ್ರ ನೆಟ್ಟಗಿರುತ್ತೆ. ಬಿಗಿ ಮಾಡಿದ್ರೆ ನೀವು ನಡೆದಾಗಿನ ಕುಲುಕಾಟವೆಲ್ಲ ನೇರವಾಗಿ ಗಾ…’

ಗಾಜಿನ ‘ಜಿ’ ಬರಲೇ ಇಲ್ಲ. ಅತ್ತಿಗೆಯ ಕೈಯಿಂದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಆ ಅಂಗಡಿಯಲ್ಲಿ ಅಂಥದ್ದು ನಡೆದದ್ದು ಮೇಷ್ಟ್ರಿಗೆ ತಿಳಿದಂತೆ ಅದೇ ಮೊದಲು. ತಮ್ಮ ಕಸುಬಿನಲ್ಲೂ ಒಂದು ಸಡಿಲ ಜಾಗವಿದೆ, ಜೀವಮಾನವಿಡೀ ಅದರ ಪರವಾಗಿ ವಕಾಲತ್ತು ಮಾಡಿದ್ದು ತಾವೇ ಎಂಬುದು ಬಿಗಿಯಮ್ಮನಿಗೆ ಹೊಳೆದುಬಿಟ್ಟಿತ್ತು.

‘ಸಾರ್, ಹೊರಗೆ ನಡೀರಿ, ಅಂಗಡಿ ಮುಚ್ತಿದೀನಿ.’

‘ನನ್ನ ಕನ್ನಡಕ?’

‘ಸರಿಯಾಗಿದೆ. ನನ್ನದೇ ಕೆಟ್ಟಿದ್ದು’ ಎಂದು ಅವರ ಕೈಗೆ ಕನ್ನಡಕ ತುರುಕಿ, ಬಾಗಿಲೆಳೆದು, ಬೀಗ ಜಡಿದು ಮನೆಗೆ ಓಡಿ ಬಂದರು. ಅತ್ತಿಗೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೋಡುವಂಥದ್ದೇ.

ನೇರ ಗಿಂಬಲ್ ಕೈಗೆತ್ತಿಕೊಂಡು ನೈಲಾನ್ ಗಂಟಿಗೆ ಉಗುರು ಹಾಕಿದರು. ಬಿಚ್ಚಲಿಲ್ಲ. ಸೂಜಿ ಹಾಕಿದರು, ಹಲ್ಲು ಹಾಕಿದರು. ಬೀದಿಯನ್ನೆಲ್ಲ ಸೋಲಿಸಿದ ಗಂಟು, ಇಂದು ಹಾಕಿದವರನ್ನೂ ಬಿಡಲಿಲ್ಲ. ಅಣ್ಣ ಒಳಗಿಂದ ಕತ್ತರಿ ತಂದುಕೊಟ್ಟ. ಮದುವೆಯಾದಾಗಿನಿಂದ ಅವನಿಗಿದ್ದ ಅಭ್ಯಾಸ ಕೊನೆಗೂ ದೇಶದ ಉಪಯೋಗಕ್ಕೆ ಬಂತು.

ಎಳೆ ತುಂಡಾದ ಕೂಡಲೇ, ಮೂಗಿನ ಮೆತ್ತೆಗಳಂತೆ ಕುಲುಕಾಟ ನುಂಗಲೆಂದೇ ಇದ್ದು ಅಪ್ಪಚ್ಚಿಯಾಗಿದ್ದ ರಬ್ಬರ್ ಗುಂಡುಗಳು ಉಸಿರೆಳೆದುಕೊಂಡು ಉಬ್ಬಿದವು. ಕೆಳಗಿನ ತಟ್ಟೆ ಮತ್ತೆ ಮುದಿ ಹಲ್ಲಿನಂತೆ ಅಲ್ಲಾಡಿತು. ಅತ್ತಿಗೆ ಅದನ್ನು ಬೆರಳಿಂದ ಮುಟ್ಟಿ ನೋಡಿದರು, ಮುಖ ಹುಳಿ ಮಾಡಿಕೊಂಡರು, ಆದರೂ ಬಿಗಿಯಲಿಲ್ಲ. ರಬ್ಬರ್ ಕಿತ್ತುಬಂದರೆ ಕ್ಯಾಮೆರಾ ಬೀಳದಿರಲಿ ಎಂದು ಹೊಸ ಎಳೆಯೊಂದನ್ನು ಮಾತ್ರ ತಟ್ಟೆಗಳ ನಡುವೆ ಜೋಲಾಡುವಂತೆ ಬಿಟ್ಟು, ಕಣ್ಣು ಬೇರೆಡೆ ತಿರುಗಿಸಿ ಗಂಟು ಹಾಕಿದರು. ಪಿಯನ್ನು ಮೇಲಕ್ಕೆ ಏರಿಸಿದರು, ಡಿಯನ್ನು ಒಂದಿಷ್ಟು. ತಾರಸಿಯ ಮೇಲೆ ರೆಕ್ಕೆ ತಿರುಗಿಸಿದಾಗ ಡ್ರೋನ್ ಎಂದಿನಂತೆ ಮೈ ಕುಲುಕಿತು. ಕೆಳಗೆ ಕ್ಯಾಮೆರಾ ಮಾತ್ರ ಗದ್ದಲದ ಮನೆಯಲ್ಲಿ ಓದುತ್ತ ಕೂತವರಂತೆ ಅಲುಗದೆ ಇತ್ತು.

ಮಧ್ಯಾಹ್ನ ಕಾರ್ಖಾನೆಯ ಅಂಗಳಕ್ಕೆ ಹೋದೆವು. ಅಪ್ಪ ಮನೆಯಲ್ಲೇ ಉಳಿದರು. ಕಿಟಕಿಯಿಂದ ನೋಡ್ತೀನಿ ಎಂದರು. ಗಾಳಿಯಿತ್ತು. ಡ್ರೋನ್ ಮೇಲೇರಿ ಗಾಳಿಗೆ ಎದೆಯೊಡ್ಡಿ ವಾಲಿತು, ಅತ್ತಿಗೆಯ ಕೈಯಲ್ಲಿದ್ದ ಪುಟ್ಟ ಪರದೆಯ ಮೇಲೆ ಚಿಮಣಿಯ ಬಾಯಿ ಬರೆದಿಟ್ಟ ಸೊನ್ನೆಯಂತೆ ಸ್ಥಿರವಾಗಿ ನಿಂತಿತು. ಅತ್ತಿಗೆ ಒಳಅಂಚಿನ ಸುತ್ತ ಕ್ಯಾಮೆರಾವನ್ನು ಒಮ್ಮೆ ಪೂರ್ತಿ ತಿರುಗಿಸಿ ಇಳಿಸಿದರು. ಬಿಸಿಲಿಗೆ ಆ ಪರದೆಯಲ್ಲಿ ಇಟ್ಟಿಗೆ ಯಾವುದು ಮಸಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಟಿವಿಯಲ್ಲೇ ನೋಡೋಣವೆಂದು ಮನೆಗೆ ನಡೆದೆವು.

ಅಪ್ಪ ಕುರ್ಚಿಯನ್ನು ಟಿವಿಯ ಎದುರಿಗೆ ಎಳೆದುಕೊಂಡು ಕಾದಿದ್ದರು. ಅತ್ತಿಗೆ ಪೆನ್‌ಡ್ರೈವ್ ಸಿಕ್ಕಿಸಿದರು. ಮಸಿ ಹಿಡಿದ ಇಟ್ಟಿಗೆಗಳು ಸಾಲಾಗಿ, ಒಪ್ಪವಾಗಿ, ಹಾಸಿಗೆ ಹಂಚಿಕೊಂಡ ಮಕ್ಕಳಂತೆ ಮಲಗಿದ್ದವು. ಒಂದು ಕಾಲು ಸುತ್ತು ಬಂತು, ಎಲ್ಲವೂ ಮಲಗಿದ್ದವು. ಇನ್ನೂ ಸ್ವಲ್ಪ.

‘ನಿಲ್ಸು’ ಎಂದರು ಅಪ್ಪ.

ನಿಂತಿತ್ತು. ಅಕ್ಕಪಕ್ಕದವು ಮಲಗಿದ್ದಲ್ಲಿ ಅದೊಂದು ಸಣ್ಣಗೆ, ನೆಟ್ಟಗೆ, ಉಳಿದವಕ್ಕಿಂತ ಒಂದು ಕತ್ತು ಮೇಲೆ. ಅಪ್ಪ ಎದ್ದು ಟಿವಿಯ ಹತ್ತಿರ ಹೋಗಿ ಅದರ ಮೇಲೆ ಹೆಬ್ಬೆರಳಿಟ್ಟರು, ಗಾರೆ ಇನ್ನೂ ಹಸಿಯಾಗಿದೆಯೇ ಎಂದು ನೋಡುವವರ ಹಾಗೆ. ಅತ್ತಿಗೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಕನ್ನಡಕ ಶುಭ್ರವಾಗಿಯೇ ಇತ್ತು.

‘ತಪ್ಪಾಯ್ತು ಮಾವ’ ಎಂದರು. ‘ಇಷ್ಟು ವರ್ಷ ಅಣಕಿಸಿದೆ.’

‘ಅದಿರಲಿ, ಮುಂದೆ ಬಿಡು. ಸುತ್ತು ಮುಗಿಯಲಿ.’

ಮುಂದೆ ಬಿಟ್ಟರು. ಮಲಗಿದ ಇಟ್ಟಿಗೆಗಳು ಮತ್ತೆ ಸಾಗಿದವು. ಅಪ್ಪನ ಇಟ್ಟಿಗೆಗೆ ಸರಿಯಾಗಿ ಎದುರು ಬದಿಗೆ ಬಂದಾಗ ಅಣ್ಣ, ‘ಏ, ಏ, ತಡಿ ಕಣೇ’ ಎಂದ.

ಅಲ್ಲೂ ಒಂದು ನಿಂತಿತ್ತು.

ಅಪ್ಪ ಬಹಳ ಹೊತ್ತು ಅದನ್ನು ನೋಡಿದರು. ಆ ಬದಿ ಕಟ್ಟಿದ್ದು ಕರಣೆ ಚಿಕ್ಕಪ್ಪ. ಒಂದು ಇಟ್ಟಿಗೆಯ ಸುದ್ದಿ ಮೇಸ್ತ್ರಿಯ ಕಿವಿಗೆ ಬಿದ್ದು ಯಾರಾದರೂ ಮೇಲೆ ಹತ್ತಿದರೆ ಎರಡೂ ಸಿಗುತ್ತವೆ, ಇಬ್ಬರ ಕೆಲಸವೂ ಹೋಗುತ್ತದೆ. ಅದಕ್ಕೇ ಆ ಮಹಾನುಭಾವ ಬಾಯಿಗೆ ಬೀಗ ಹಾಕಿಕೊಂಡದ್ದು. ಕಾರ್ಖಾನೆಗೇ ಬೀಗ ಬಿದ್ದ ಮೇಲೂ ಆ ಬೀಗ ತೆಗೆಯಲಿಲ್ಲ, ಬಹುಶಃ ಗೇಲಿಯ ರುಚಿಗೆ.

‘ಕಳ್ಳ ನನ್ಮಗ’ ಎಂದರು ಅಪ್ಪ. ‘ಬೆನ್ನು ತಿರುಗಿಸಿ ನಿಂತಿದ್ದ ಆವತ್ತು. ಹೊಟ್ಟೆ ನೋವು ಅಂದಿದ್ದ.’ ಆಮೇಲೆ ಅವರು ನಗಲು ಶುರುಮಾಡಿದರು. ಕರಣೆ ಚಿಕ್ಕಪ್ಪ ಹೋದಾಗಿನಿಂದ ನಮ್ಮ ಮನೆಯಲ್ಲಿ ಕೇಳಿರದ ನಗು, ಕೆಮ್ಮು ಬಂದು ಅತ್ತಿಗೆ ಬೆನ್ನು ತಟ್ಟುವವರೆಗೂ.

ಕೆಮ್ಮು ನಿಂತ ಮೇಲೆ ಅಪ್ಪ ಅಣ್ಣನ ಕಡೆ ತಿರುಗಿದರು. ‘ಏನೋ ಒಂದು ಮಾತು ಕೊಟ್ಟಿದ್ದೆಯಲ್ಲ?’

‘ಅಪ್ಪಾ, ನನಗೆ ಮಣಿಕಟ್ಟು ನೋವು.’

‘ಇಟ್ಟಿಗೆ ನಿಂತಿತ್ತಾ?’ ಎಂದರು ಅತ್ತಿಗೆ. ಹೇಳಿದ ಮೇಲೆ, ಆ ಮಾತು ಇನ್ನು ಮುಂದೆ ಬುರುಡೆಗೆ ನಡೆಯುವುದಿಲ್ಲ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡರು.

ಅಣ್ಣ ನಡುಮನೆಯ ಗೋಡೆಗೆ ದಿಂಬಿಟ್ಟು, ಅದರ ಮೇಲೆ ತಲೆಯಿಟ್ಟು, ನನ್ನ ಸಹಾಯದಿಂದ ಕಾಲುಗಳನ್ನು ಸ್ವರ್ಗದ ಕಡೆ ಎತ್ತಿದ. ಜೇಬಿನಿಂದ ಬಾಚಣಿಗೆಯೂ ಬಸ್ ಟಿಕೆಟ್ಟುಗಳೂ ಉದುರಿದವು. ಅಪ್ಪ ಒಳಗಿಂದ ತಮ್ಮ ತೂಗುಗುಂಡು ತಂದು, ಗೋಡೆ ನೆಟ್ಟಗಿದೆಯೇ ಎಂದು ನೋಡುವ ಹಾಗೆ ಅಣ್ಣನ ಹಿಮ್ಮಡಿಯ ಪಕ್ಕಕ್ಕೆ ದಾರ ಹಿಡಿದು ಗುಂಡು ಇಳಿಬಿಟ್ಟರು. ಒಂದು ಕಣ್ಣು ಮುಚ್ಚಿ ನೋಡಿದರು.

‘ಎಡಕ್ಕೆ ವಾಲಿದಾನೆ. ನಡುಕ ಬೇರೆ.’

‘ನೆಲ ಡೊಂಕಪ್ಪಾ’ ಎಂಬ ದನಿ ಕೆಳಗಿನಿಂದ ಬಂತು.

‘ಸರಿ ಮಾಡಬೇಕು ಇವನನ್ನ’ ಎಂದು ಅಪ್ಪ ಕೈ ಚಾಚಿದರು.

ಅತ್ತಿಗೆ ತಡೆದರು. ‘ಸ್ವಲ್ಪ ಸಡಿಲ ಇರಲಿ ಬಿಡಿ, ಮಾವ.’